ಗುಡ್ಡ ಹತ್ತುವ ಗಾಡಿ

ಶಿಷ್ಯ ಕೇಳಿದ: "ಗುರುಗಳೇ, ಭಕ್ತರೊಬ್ಬರು ಮಠಕ್ಕೆ ಮೋಟಾರ್ ಸೈಕಲ್ ಕೊಡಿಸುತ್ತಾರಂತೆ. ನೂರು ಸಿಸಿಯದು ಸಾಕೋ, ಮುನ್ನೂರೈವತ್ತರದು ಬೇಕೋ ಎನ್ನುತ್ತಿದ್ದಾರೆ. ನಮ್ಮ ಸಣ್ಣ ಗಾಡಿ ಇಬ್ಬರನ್ನು ಹೊತ್ತು ಏರು ಹತ್ತುವುದಿಲ್ಲ. ಮಂಡಿ ನೋವಿರುವ ತಾವು ಇಳಿದು ನಡೆಯುವುದನ್ನು ನಾನು ನೋಡಲಾರೆ. ದೊಡ್ಡದನ್ನೇ ಹೇಳಲೇ?"

ಗುರುಗಳು ನಕ್ಕರು. "ನಿನ್ನ ಮನಸ್ಸು ಒಳ್ಳೆಯದು. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ನೀರು ಹಾಕುವವಳು. ಅವಳ ಕೈಗುಣ ಚೆನ್ನಾಗಿತ್ತು. ಗುಡ್ಡದಾಚೆಯ ಊರಿನವರೂ ಕರೆಯುತ್ತಿದ್ದರು. ಬೆಳಿಗ್ಗೆ ಗಂಡ ಸಣ್ಣ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಹೊರಡುತ್ತಿದ್ದ. ಏರು ಬಂದ ಕೂಡಲೇ ಗಾಡಿ ಏದುಸಿರು ಬಿಡುತ್ತಿತ್ತು. ಅವಳು ಇಳಿದು ಕುಂಟುತ್ತ ನಡೆಯುತ್ತಿದ್ದಳು, ಅವನು ಮೇಲೆ ಹೋಗಿ ಕಾಯುತ್ತಿದ್ದ. ಅವಳು ಬರುವುದನ್ನು ನೋಡಿದಾಗೆಲ್ಲ ಅವನ ಕರುಳು ಚುರುಕ್ ಎನ್ನುತ್ತಿತ್ತು.

ಪಾಪ, ಪ್ರೀತಿಯ ಮನುಷ್ಯ. ಒಂದು ದಿನ ಅವಳಿಗೆ ಹೇಳದೆ ಕೇಳದೆ ಸಣ್ಣ ಗಾಡಿಯನ್ನು ಕೊಟ್ಟು ದೊಡ್ಡ ಎಂಜಿನ್ನಿನ ಗಾಡಿ ತಂದುಬಿಟ್ಟ. ಅಂಗಡಿಯಲ್ಲಿ ಆ ಎಂಜಿನ್ನಿನ ಬಗ್ಗೆ ಅವನು ಕೇಳದ ಪ್ರಶ್ನೆಯೇ ಇಲ್ಲ.

"ಇನ್ಮೇಲೆ ನೀನು ಇಳಿಯೋದೇ ಬೇಡ. ಎಂಥ ಗುಡ್ಡ ಆದ್ರೂ ಹತ್ತತ್ತೆ" ಎಂದ.

ಅವಳು ಸೀಟನ್ನು ನೋಡಿದಳು. ಅದು ಅವಳ ಸೊಂಟದ ಎತ್ತರಕ್ಕಿತ್ತು. ಹಳೆಯ ಗಾಡಿಯಲ್ಲಾದರೆ ಸೀರೆ ಸರಿಮಾಡಿಕೊಂಡು ಹಾಗೇ ಒರಗಿ ಕೂತುಬಿಡುತ್ತಿದ್ದಳು. ಇದಕ್ಕೆ ಕಾಲೆತ್ತಬೇಕು. ಎತ್ತಿದಳು, ಅಮ್ಮಾ ಎಂದು ಅಲ್ಲೇ ಕುಸಿದಳು.

"ಗುಡ್ಡಾನ ಇದು ಹತ್ತತ್ತೆ ಕಣ್ರೀ. ಇದನ್ನ ನಾನು ಹೇಗೆ ಹತ್ತಲಿ?"

ಆಚೆ ಊರಿನಲ್ಲಿ ಹಸಿ ಬಾಣಂತಿ ಕೂಸನ್ನಿಟ್ಟುಕೊಂಡು ಕಾಯುತ್ತಿದ್ದಳು. ನೇಕಾರನ ಹೆಂಡತಿ ನಡೆದೇ ಹೊರಟಳು. ಮೊದಲು ಏರಿನಲ್ಲಿ ಮಾತ್ರ ನಡೆಯುತ್ತಿದ್ದವಳಿಗೆ ಈಗ ದಾರಿಯೆಲ್ಲ ನಡಿಗೆಯಾಯಿತು. ಅವನು ಗಾಡಿಯಲ್ಲಿ ಪಕ್ಕದಲ್ಲೇ ಬಂದ. ಆದರೆ ಅಷ್ಟು ದೊಡ್ಡ ಎಂಜಿನ್ನಿಗೆ ಕುಂಟುವವಳ ನಡಿಗೆ ಒಗ್ಗಲಿಲ್ಲ. ಜಗ್ಗಿ ಜಗ್ಗಿ ನಿಂತುಹೋಯಿತು. ಅದನ್ನು ರಸ್ತೆಬದಿಗೆ ನಿಲ್ಲಿಸಿ ಅವನೂ ನಡೆದ. ಅವಳೊಂದಿಗೆ ಆ ಏರನ್ನು ಅವನು ಎಂದೂ ನಡೆದಿರಲಿಲ್ಲ.

ಅರ್ಧ ದಾರಿಯಲ್ಲಿ ಕೇಳಿದ: "ಯಾವ ಕಾಲು ನೋವೇ ನಿಂಗೆ?"

"ಕಾಲಲ್ಲ, ಎಡಗಡೆ ಸೊಂಟ. ನಡೆದ್ರೆ ಅಷ್ಟಿಲ್ಲ, ಕಾಲೆತ್ತಿದ್ರೆ ಜೀವ ಹೋಗತ್ತೆ. ಅಂತೂ ಕೇಳಿದ್ರಲ್ಲ" ಎಂದು ಅವಳು ಕಣ್ಣೊರೆಸಿಕೊಂಡಳು.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಎಲ್ಲ ಅರ್ಥವಾದಂತಾಯಿತು. "ಹಾಗಾದರೆ ಸಣ್ಣ ಎಂಜಿನ್ನೇ ಇರಲಿ ಎಂದು ಹೇಳಿಬರುತ್ತೇನೆ" ಎಂದು ಲಗುಬಗೆಯಿಂದ ಎದ್ದ.

ಗುರುಗಳು ಅವನನ್ನು ತಡೆದು ಕೇಳಿದರು: "ಇರು ಮಗೂ, ನನಗೆ ನೋವಿರುವುದು ಯಾವ ಮಂಡಿ, ಎಡದ್ದೋ ಬಲದ್ದೋ?"