ಕೂಗು ನಿಲ್ಲಿಸಿದ ಅಳಿಲು

ಬೆಕ್ಕು ಕಂಡರೆ ಬಾಲ ಕುಣಿಸಿ ಕೂಗುವುದು ಅಳಿಲುಗಳ ಕುಲಾಚಾರ. ಅಂದು ಹುಣಸೆಮರದ ಬುಡಕ್ಕೆ ಬೆಕ್ಕು ಬಂದ ಹೊತ್ತಿಗೇ ಗೂಡಿನಿಂದ ಮರಿಯೊಂದು ಜಾರಿ ಎಲ್ಲೋ ಬಿತ್ತು. ತಾಯಿ ಅಳಿಲು ಕೊಂಬೆಯಿಂದ ಕೊಂಬೆಗೆ ಹಾರುತ್ತ ಚೀರತೊಡಗಿತು.

“ಏನಕ್ಕಾ, ಮರಿ ಹುಡುಕುತ್ತಿದ್ದೀಯೋ, ಡಂಗುರ ಸಾರುತ್ತಿದ್ದೀಯೋ?” ಎಂದಿತು ಅದೇ ಮರದ ಕಾಂಡಕ್ಕೆ ಅಂಟಿಕೊಂಡಿದ್ದ ಓತಿಕ್ಯಾತ.

“ಹೆತ್ತ ಹೊಟ್ಟೆ ಉರಿಯುತ್ತಿದೆ! ಆದದ್ದಾಯಿತು, ಮರೆತುಬಿಡು ಅಂತ ಬುದ್ಧಿ ಹೇಳಬೇಡ.”

“ಮರೆ ಎಂದವರ ಬಾಯಿಗೆ ಮಣ್ಣು ಹಾಕು. ನಾನು ಹೇಳುವುದಿಷ್ಟೇ. ಒಂದು ಗಳಿಗೆ ಕೂತು, ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಗಮನಿಸು. ಆಮೇಲೆ ಕಿವಿ ಕೊಡು.”

ಅಳಿಲು ಸಿಡುಕುತ್ತಲೇ ಕೂತಿತು. ಮನಸ್ಸು ಬೆಕ್ಕಿನ ಕಡೆ ಓಡಿತು. ಅದನ್ನು ಎಳೆದು ತಂದು ಮತ್ತೆ ಉಸಿರಿನ ಮೇಲೆ ಕೂರಿಸಿತು. ಎದೆಬಡಿತ ತಗ್ಗಿತು. ಆಗ ಕೆಳಗಿನ ಪೊಟರೆಯಿಂದ ಸಣ್ಣಗೆ ಚಿಂವ್‌ಚಿಂವ್ ಕೇಳಿಸಿತು. ಮರಿ ಅಷ್ಟು ಹೊತ್ತೂ ಅಮ್ಮನನ್ನು ಕರೆಯುತ್ತಲೇ ಇತ್ತು.

ಮರಿಯನ್ನು ಕಚ್ಚಿಕೊಂಡು ಅಳಿಲು ಗೂಡು ಸೇರಿತು. ಬೆಕ್ಕು ಇನ್ನೂ ಬುಡದಲ್ಲೇ ಕೂತಿತ್ತು.

“ಈಗ ಕೂಗಲೇ?”

“ಧಾರಾಳವಾಗಿ! ಅದರ ಮುಖಕ್ಕೇ ಕೂಗು,” ಎಂದಿತು ಓತಿಕ್ಯಾತ.

ಅಳಿಲು ಬೆಕ್ಕಿನ ನೆತ್ತಿಯ ಮೇಲಿನ ಕೊಂಬೆಗೆ ಇಳಿದು ಕೂಗಿತು. ಸುತ್ತಲ ಮರಗಳ ಅಳಿಲುಗಳೆಲ್ಲ ದನಿಗೂಡಿಸಿದವು. ಬೆಕ್ಕು ಬೇಲಿ ಹಾರಿತು.