ಹಳೆಯ ಎಂಜಿನ್ನಿಗೆ ಟರ್ಬೊ ಕೂರಿಸಿದವನು

"ಅಜ್ಜಾರೇ, ತಮ್ಮನಿಗೆ ನಾನು ಕೊಡದೆ ಉಳಿಸಿದ್ದು ಏನೂ ಇಲ್ಲ. ಓದಿಸಿದೆ, ಮದುವೆ ಮಾಡಿದೆ, ಪೇಟೆಯಲ್ಲಿ ಅಂಗಡಿ ಹಾಕಿಸಿಕೊಟ್ಟೆ. ಆದರೂ ನನ್ನನ್ನು ಕಂಡರೆ ಮುಖ ಗಂಟು ಹಾಕಿಕೊಳ್ಳುತ್ತಾನೆ. ಅಮಾವಾಸ್ಯೆ ಕಳೆದ ಮೇಲೆ ಬೇರೆ ಮನೆ ಮಾಡುತ್ತಾನಂತೆ. ಅವನನ್ನು ಉಳಿಸಿಕೊಳ್ಳಲು ಇನ್ನೇನು ಕೊಡಲಿ?"

ಹೀಗೆ ಕೇಳಿದವನು ಪಂಚಾಕ್ಷರಿ, ಮಠದ ಹಳೆಯ ಶಿಷ್ಯ. ತಮ್ಮ ಕೊಟ್ರೇಶನೆಂದರೆ ಅವನಿಗೆ ಜೀವ.

ಮಠದ ಅಜ್ಜನವರು ಕಾವಿ ತೊಡುವ ಮೊದಲು ಹನ್ನೊಂದು ವರ್ಷ ಲಾರಿ ಓಡಿಸಿದವರು. ಬೇರೆ ಮಠಗಳ ದೃಷ್ಟಾಂತಗಳಲ್ಲಿ ರಾಜರು, ಋಷಿಗಳು ಬಂದರೆ ಇಲ್ಲಿ ಕ್ಲಚ್ಚು, ಗೇರು ಬರುತ್ತಿದ್ದವು. "ಕೊಡುವ ಮಾತು ಆಮೇಲೆ ಆಡೋಣ. ನಿನ್ನಂಥದ್ದೇ ಒಬ್ಬ ಧಾರಾಳಿಯ ಕತೆ ಇದೆ, ಕೇಳು" ಎಂದು ಅವರು ಶುರುಮಾಡಿದರು.

ಒಂದು ಘಟ್ಟದ ಬುಡದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೈಗುಣ ಒಳ್ಳೆಯದು, ಮನಸ್ಸು ಅದಕ್ಕಿಂತ ದೊಡ್ಡದು. ಗ್ರೀಸು ಹಚ್ಚಿದರೆ ಒಂದು ಬೆರಳು ಹೆಚ್ಚೇ ಹಚ್ಚುವವನು, ಎಣ್ಣೆ ಹಾಕಿದರೆ ಒಂದು ಗುಟುಕು ಹೆಚ್ಚೇ ಹಾಕುವವನು. ಎಂಜಿನ್ ಅಂದರೆ ಅವನ ಪಾಲಿಗೆ ಬಾಯಿಲ್ಲದ ಜೀವ. ಅದು ಹಸಿದಿರಬಾರದು, ಇಷ್ಟೇ ಅವನಿಗೆ ಗೊತ್ತಿದ್ದ ಶಾಸ್ತ್ರ.

ಅವನ ಬಳಿಗೆ ಒಬ್ಬ ಲಾರಿಯವನು ಬಂದ. ಇದ್ದದ್ದು ಒಂದೇ ಲಾರಿ. ತಾನೇ ಮಾಲೀಕ, ತಾನೇ ಚಾಲಕ. ಕರಾವಳಿಯಿಂದ ಉಪ್ಪು ತುಂಬಿಕೊಂಡು ಘಟ್ಟ ಹತ್ತಿಸುವುದು ಅವನ ಕಸುಬು. ಲಾರಿಗೆ ವಯಸ್ಸಾಗಿತ್ತು, ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತಿತ್ತು. ಹಿಂದೆ ಸಿಕ್ಕಿಕೊಂಡ ಬಸ್ಸಿನವರ ಬೈಗುಳ ತಿಂದು ತಿಂದು ಅವನಿಗೆ ಸಾಕಾಗಿತ್ತು. ಗುಜರಿಯಲ್ಲಿ ಒಂದು ಟರ್ಬೊ ಹುಡುಕಿ ತಂದು, "ಮೇಸ್ತ್ರಿ, ಇದನ್ನು ಕೂರಿಸಿಕೊಡಿ. ಎಂಜಿನ್ ಹೋದರೆ ನನಗೆ ಬೇರೆ ಗತಿ ಇಲ್ಲ. ನೋಡಿಕೊಂಡು ಮಾಡಿ" ಎಂದ.

ಟರ್ಬೊ ಅಂದರೆ ಹೆದರುವಂಥದ್ದೇನಲ್ಲ, ಪಂಚಾಕ್ಷರಿ. ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಆ ಚಕ್ರವನ್ನು ಕೂರಿಸಿದ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಿದಷ್ಟೂ ಬಲ ಹೆಚ್ಚು. ಆದರೆ ಆ ಕಡ್ಡಿ ತಿರುಗುವ ವೇಗಕ್ಕೆ ಎಣ್ಣೆ ಸಿಗದಿದ್ದರೆ ಒಂದು ಗಳಿಗೆಯೂ ಉಳಿಯುವುದಿಲ್ಲ. ಹೊಸ ಎಂಜಿನ್ನಿನಲ್ಲಿ ಎಣ್ಣೆಯ ದಾರಿಯನ್ನು ಕಾರ್ಖಾನೆಯವರೇ ಮಾಡಿಟ್ಟಿರುತ್ತಾರೆ. ಹಳೆಯದರಲ್ಲಿ ಅದನ್ನು ನಾವೇ ಮಾಡಿಕೊಳ್ಳಬೇಕು.

ಮೆಕ್ಯಾನಿಕ್ ಆ ದಾರಿ ಮಾಡಿದ. ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಪೈಪಿಗೆ ಒಂದು ಕವಲು ಹಾಕಿ, ಅಲ್ಲಿಂದ ತಾಮ್ರದ ಸಣ್ಣ ಪೈಪನ್ನು ಟರ್ಬೊದ ನೆತ್ತಿಗೆ ಸೇರಿಸಿದ. ಅದನ್ನು ಬಾಗಿಸಿದ ಚಂದ ನೋಡಿದರೆ ಅಕ್ಕಸಾಲಿಗನ ಕೆಲಸ ಅನ್ನಬೇಕು. ಎಂಜಿನ್ ಚಾಲೂ ಮಾಡುವ ಮೊದಲು ಟರ್ಬೊದ ಬಾಯಿಗೆ ಕೈಯಾರೆ ಎಣ್ಣೆ ಹನಿಸಿ, ಬೆರಳಿನಿಂದ ಚಕ್ರ ತಿರುಗಿಸಿ ಒಳಗೆಲ್ಲ ತಾಗುವಂತೆ ಮಾಡಿದ. ಒಣ ಬಾಯಿಯಲ್ಲಿ ಯಾರನ್ನೂ ದುಡಿಸಬಾರದು ಎಂಬುದು ಅವನ ನೇಮವಾಗಿತ್ತು.

ಇನ್ನು ಉಳಿದದ್ದು ಕೆಳಗಿನ ಪೈಪು. ಟರ್ಬೊಗೆ ಹೋದ ಎಣ್ಣೆ ಕೆಲಸ ಮುಗಿಸಿ ಎಂಜಿನ್ನಿನ ಅಡಿಯ ಎಣ್ಣೆ ಚೇಂಬರಿಗೆ ಮರಳಬೇಕಲ್ಲ. ಅದಕ್ಕೆ ಚೇಂಬರ್ ಇಳಿಸಿ, ಪಕ್ಕದಲ್ಲಿ, ಎಣ್ಣೆ ನಿಲ್ಲುವ ಮಟ್ಟಕ್ಕಿಂತ ಮೇಲೆ, ತೂತು ಕೊರೆಯಬೇಕು. ಗಟ್ಟಿಯಾಗಿದ್ದ ಚೇಂಬರಿಗೆ ತೂತು ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಮಿಕ್ಕಿದ್ದ ಅದೇ ಸಣ್ಣ ಪೈಪನ್ನು ಸುತ್ತಿ ಬಳಸಿ ತಂದು, ಹಳೆಯ ಎಣ್ಣೆ ಬಸಿಯಲು ತಳದಲ್ಲಿರುವ ಬೋಲ್ಟಿನ ತೂತಿಗೆ ಸೇರಿಸಿದ. ಕೆಲಸ ಮುಗಿಯಿತು ಎಂದುಕೊಂಡ.

ಮೊದಲ ಸಲ ಘಟ್ಟ ಹತ್ತಿ ಇಳಿದು ಬಂದ ಲಾರಿಯವನ ಮುಖ ಸಪ್ಪಗಿತ್ತು. ಬಲವೇನೋ ಬಂದಿತ್ತು. ಆದರೆ ಹಿಂದಿನ ರಸ್ತೆ ಕಾಣದಷ್ಟು ನೀಲಿ ಹೊಗೆ. ಜೊತೆಗೆ ಎಣ್ಣೆಯೂ ಕಡಿಮೆಯಾಗುತ್ತಿತ್ತು.

ಮೆಕ್ಯಾನಿಕ್‌ಗೆ ಕನಿಕರ ಬಂತು. ಪಾಪ, ಟರ್ಬೊಗೆ ಎಣ್ಣೆ ಸಾಲುತ್ತಿಲ್ಲ, ಅದಕ್ಕೇ ಒದ್ದಾಡುತ್ತಿದೆ ಎಂದು ಮೇಲಿನ ಪೈಪು ಬಿಚ್ಚಿ ದಪ್ಪದ್ದು ಹಾಕಿದ. ಮುಂದಿನ ಸಲಕ್ಕೆ ಹೊಗೆ ಇಮ್ಮಡಿಯಾಯಿತು. ಗಾಳಿ ಹೋಗುವ ಹೋಸಿನೊಳಗೂ ಎಣ್ಣೆ ಜಿನುಗಿತ್ತು. ಇನ್ನೂ ದಪ್ಪದ್ದು ಹಾಕಿದ. ಮೂರನೆಯ ಸಲ ಲಾರಿ ಅರ್ಧ ಘಟ್ಟದಿಂದಲೇ ತಿರುಗಿ ಬಂತು.

ಇಪ್ಪತ್ತು ವರ್ಷ ಕಷ್ಟಪಟ್ಟು ಉಳಿಸಿಕೊಂಡ ಹೆಸರು ಆ ಹೊಗೆಯ ಜೊತೆ ಹೋಗುತ್ತದೆ ಎಂದು ಅವನಿಗೆ ಭಯವಾಯಿತು. ಭಯ ಸಿಟ್ಟಾಯಿತು, ಸಿಟ್ಟು ಟರ್ಬೊದ ಮೇಲೆ ತಿರುಗಿತು. "ಎಷ್ಟು ಕೊಟ್ಟರೂ ಇದಕ್ಕೆ ತೃಪ್ತಿಯಿಲ್ಲ. ಕುಡಿಸಿದ್ದನ್ನೆಲ್ಲ ಉಗುಳುತ್ತದೆ. ಗುಜರಿ ಮಾಲಿನ ಬುದ್ಧಿಯೇ ಇಷ್ಟು" ಎಂದು ಸ್ಪ್ಯಾನರ್ ಎಸೆದ.

ಲಾರಿಯವನು ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಡಿಗೆ ಇಣುಕುತ್ತಿದ್ದ. "ಮೇಸ್ತ್ರಿ, ತಪ್ಪು ತಿಳಿಯಬೇಡಿ. ಹೋಗುವ ಪೈಪನ್ನು ಎರಡೆರಡು ಸಲ ಬದಲಾಯಿಸಿದಿರಿ. ಬರುವ ಪೈಪನ್ನು ಮುಟ್ಟಲೇ ಇಲ್ಲವಲ್ಲ?"

"ಬರುವುದಕ್ಕೆ ನಾನೇನು ಮಾಡಬೇಕು? ಅದರ ಪಾಡಿಗೆ ಅದು ಬರುತ್ತದೆ" ಎಂದ ಮೆಕ್ಯಾನಿಕ್.

ಅಂದ ಮೇಲೆ ಅವನಿಗೇ ಹೊಳೆಯಿತು. ಹೋಗುವ ಎಣ್ಣೆಯನ್ನು ಪಂಪು ತಳ್ಳುತ್ತದೆ. ಮರಳುವ ಎಣ್ಣೆಗೆ ತಳ್ಳುವವರು ಯಾರೂ ಇಲ್ಲ. ಕಾದು, ನೊರೆಯೆದ್ದು, ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ನಾನೋ ಅದಕ್ಕೆ ಕಡ್ಡಿಯಷ್ಟು ದಾರಿ ಬಿಟ್ಟು, ಆ ದಾರಿಯ ಕೊನೆಯನ್ನೂ ಎಣ್ಣೆಯಲ್ಲೇ ಮುಳುಗಿಸಿದ್ದೇನೆ. ಇಳಿಯಲಾಗದ ಎಣ್ಣೆ ಟರ್ಬೊದಲ್ಲೇ ತುಂಬಿ, ಹೊಗೆಯ ದಾರಿಗೆ ಉಕ್ಕಿ ಉರಿಯುತ್ತಿದೆ. ಒಳಗೆ ಕಾಲಿಡಲು ಜಾಗವಿಲ್ಲದ ಮನೆಗೆ ಬಾ ಅಂದರೆ ಅದು ಹೇಗೆ ಬಂದೀತು?

ಲಾರಿಯ ಅಡಿಗೆ ನುಸುಳಿದ. ಕೆಳಗಿನ ಪೈಪನ್ನು ಟರ್ಬೊದ ಬುಡದಲ್ಲಿ ಬಿಚ್ಚಿ, ಬಕೆಟ್ ಹಿಡಿದು, ಎಂಜಿನ್ ಚಾಲೂ ಮಾಡಿಸಿದ. ಎಣ್ಣೆ ದಬದಬ ಬಿತ್ತು. ಒಂದು ಬಕೆಟ್ಟಿಗೆ ಬೀಳುತ್ತಿರುವಾಗ ಇನ್ನೊಂದನ್ನು ಲಾರಿಯವನು ಎಂಜಿನ್ನಿಗೆ ಸುರಿಯುತ್ತಿದ್ದ. ಸೈಲೆನ್ಸರಿನಲ್ಲಿ ಮೊದಲೇ ಸೇರಿದ್ದ ಎಣ್ಣೆ ಉರಿದು ತೀರುವವರೆಗೆ ಹೊಗೆ ಬಂತು. ಆಮೇಲೆ ತೆಳುವಾಯಿತು, ನಿಂತಿತು. ಕೆಟ್ಟವನು ಎಂದು ಬೈಸಿಕೊಂಡ ಟರ್ಬೊ ಅಚ್ಚುಕಟ್ಟಾಗಿ ತಿರುಗುತ್ತಿತ್ತು.

ಮೆಕ್ಯಾನಿಕ್ ಮರುದಿನ ಚೇಂಬರ್ ಇಳಿಸಿದ. ಮನಸ್ಸು ಒಪ್ಪದಿದ್ದರೂ ಕೊರೆದ. ಹೆಬ್ಬೆರಳು ತೂರುವಷ್ಟು ತೂತು ಮಾಡಿ, ಅಲ್ಲಿಗೊಂದು ತುಂಡು ಪೈಪು ಬೆಸೆದು, ದಪ್ಪ ಹೋಸನ್ನು ಎಲ್ಲೂ ಡೊಂಕಿಲ್ಲದಂತೆ ಇಳಿಜಾರಾಗಿ ಬಿಟ್ಟ. ಮೇಲೆ ಮೊದಲಿನ ಸಣ್ಣ ಪೈಪನ್ನೇ ವಾಪಸು ಹಾಕಿದ. ಕೊಡುವುದಕ್ಕೆ ಅಷ್ಟು ಸಾಕಾಗಿತ್ತು.

ಉಪ್ಪಿನ ಲೋಡು ಹೊರಟಾಗ ಅವನೂ ಪಕ್ಕದ ಸೀಟಿನಲ್ಲಿ ಕೂತ. ತಿರುವು ತಿರುವಿಗೂ ಕತ್ತು ಹೊರಗೆ ಚಾಚಿ ಹಿಂದೆ ನೋಡಿದ. ರಸ್ತೆ ಕಾಣುತ್ತಿತ್ತು, ಹಿಂದಿನ ಬಸ್ಸಿನ ಚಾಲಕನ ಮೀಸೆಯೂ ಕಾಣುತ್ತಿತ್ತು. ಘಟ್ಟದ ತುದಿಯಲ್ಲಿ ನಿಲ್ಲಿಸಿ ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಹಾಕಿದಷ್ಟೂ ಇತ್ತು. ಇಬ್ಬರೂ ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದರು. ಮೆಕ್ಯಾನಿಕ್‌ಗೆ ಅಷ್ಟು ನೆಮ್ಮದಿಯಾಗಿ ತಿಂದ ನೆನಪು ಬೇರೆ ಇರಲಿಲ್ಲ.

ಅಜ್ಜನವರು ಕತೆ ಮುಗಿಸಿದರು. ಲಾರಿ ಘಟ್ಟ ಹತ್ತಿದ್ದಕ್ಕೆ ಪಂಚಾಕ್ಷರಿಗೂ ಖುಷಿಯಾಗಿತ್ತು. ನಗುತ್ತಲೇ, "ಕತೆ ಚೆನ್ನಾಗಿದೆ ಅಜ್ಜಾರೇ. ಆದರೆ ತಮ್ಮನಿಗೆ ಏನು ಕೊಡಬೇಕು ಅಂತ ನೀವು ಹೇಳಲೇ ಇಲ್ಲ" ಎಂದ.

ಅಜ್ಜನವರು ಅವನ ಮುಖ ನೋಡಿ ಮೆಲ್ಲಗೆ ಕೇಳಿದರು:

"ಕೊಟ್ರೇಶ ತನ್ನ ಮೊದಲ ದುಡಿಮೆಯಲ್ಲಿ ನಿನಗೆಂದು ತಂದ ಧೋತರವನ್ನು, ನನಗ್ಯಾಕಪ್ಪಾ ಇದೆಲ್ಲ ಅಂತ ಅವನ ಕೈಗೇ ವಾಪಸು ಕೊಟ್ಟೆಯಂತೆ, ಹೌದೇ?"