ಒಂದೇ ಮಗ್ಗುಲಿನ ದೋಣಿ

ತೊರೆನಾಡು ಎಂಬ ರಾಜ್ಯದಲ್ಲಿ ದೋಣಿ ಕಟ್ಟುವ ಒಂದು ಮನೆತನವಿತ್ತು. ಅದು ನಮ್ಮ ಮನೆತನ. ಅರಮನೆಗೆ ಹೆಂಚು ಬರುವ ಮೊದಲೇ ನಮ್ಮ ಮನೆಗೆ ಹೆಸರು ಬಂದಿತ್ತು. ನಮ್ಮವರು ಕಟ್ಟಿದ ದೋಣಿಗಳಲ್ಲಿ ಮದುಮಕ್ಕಳು ದಾಟಿದ್ದಾರೆ, ಎತ್ತುಗಳು ದಾಟಿವೆ, ಉಪ್ಪಿನ ಮೂಟೆಗಳು ದಾಟಿವೆ. ಒಂದು ಹರಳು ಉಪ್ಪೂ ನೆನೆದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಡೆದದ್ದು ಎಂಥ ಅನ್ಯಾಯವೆಂದು ತಿಳಿಯಬೇಕಾದರೆ ಇದು ಮೊದಲು ಗೊತ್ತಿರಬೇಕು. ಆದ್ದರಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಯಾರ ಕೈಯಿಂದ ವೀಳ್ಯ ಪಡೆದು ಕೆಲಸ ಒಪ್ಪಿಕೊಂಡೆವೋ, ಪ್ರತಿ ಸಂತೆಯ ದಿನ ಅವರ ಹೊಸ್ತಿಲಿಗೆ ಹೋಗಿ ನಿಲ್ಲಬೇಕು. ಏನು ಆಗಿಲ್ಲ ಎಂಬುದನ್ನು ಮೊದಲು ಹೇಳಬೇಕು. ಏನು ಆಗಿದೆ ಎಂಬುದನ್ನು ಆಮೇಲೆ. ಅದು ಹೇಳಿ ಮುಗಿಯುವ ತನಕ ಒಳಗೆ ಹೋಗುವಂತಿಲ್ಲ, ಕೊಟ್ಟ ಮಜ್ಜಿಗೆಯನ್ನೂ ಕುಡಿಯುವಂತಿಲ್ಲ.

ಆಗ ಮನೆಯ ಯಜಮಾನಿ ಚೆನ್ನಾಜಮ್ಮ. ಮಾತು ಕಡಿಮೆ, ನಗು ಇನ್ನೂ ಕಡಿಮೆ.

ಒಂದು ಬೇಸಿಗೆಯಲ್ಲಿ ಅರಮನೆಯಿಂದ ಅವಳಿಗೆ ಕರೆ ಬಂತು. ಅರಸ ಸುಮುಖರಾಯನ ತಂಗಿ ಪದ್ಮಲೆಯನ್ನು ಹೊಳೆಯಾಚೆ ಕೊಟ್ಟಿದ್ದರು. ಈಗ ಅವಳು ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಅರಮನೆಯ ಹಳೆಯ ದೋಣಿ ಗೆದ್ದಲು ಹಿಡಿದು ಮಣ್ಣಾಗಿತ್ತು. ತುಂಬು ಬಸುರಿಯನ್ನು ಗಿರಗಿರ ತಿರುಗುವ ಹರಿಗೋಲಿನಲ್ಲಿ ಕೂರಿಸಲಾದೀತೆ? ಮಳೆಗಾಲ ಹತ್ತಿದರೆ ಹೊಳೆ ಯಾರನ್ನೂ ದಾಟಿಸುವುದಿಲ್ಲ. ಆದ್ದರಿಂದ ಹೊಳೆ ಏರುವ ಮುಂಚೆ ಹೊಸ ದೋಣಿ ಬೇಕು.

ಅರಸನ ತಾಯಿ ದೊಡ್ಡರಾಣಿ ತನ್ನ ಕೈಯಾರೆ ವೀಳ್ಯ ಕೊಟ್ಟಳು. ಚೆನ್ನಾಜಮ್ಮ ಕೇಳಿದಳು, "ಅಮ್ಮಣ್ಣಿ, ಮಗಳಿಗೆ ಬೆನ್ನು ನೋವು ಇದೆಯೆ?"

"ಇದೆ. ಒರಗದೆ ಕೂರಲಾರಳು."

"ಕಾಲು ಎತ್ತಿ ಹತ್ತಬಲ್ಲಳೆ?"

"ಹೊಸ್ತಿಲು ದಾಟುವುದೇ ಕಷ್ಟವಂತೆ."

"ಹಾಗಾದರೆ ಮೆಟ್ಟಿಲು ತಗ್ಗಿರಬೇಕು, ಒರಗುಹಲಗೆ ಬೇಕು," ಎಂದು ಚೆನ್ನಾಜಮ್ಮ ಎದ್ದು ಹೋದಳು.

ಮೊದಲ ಸಂತೆಯ ದಿನ ಬಂದು ಹೊಸ್ತಿಲಲ್ಲಿ ನಿಂತಳು. "ಮರ ಇನ್ನೂ ಹಸಿ ಇದೆ. ಹಲಗೆ ಕೊಯ್ದಿಲ್ಲ. ಅಡಿಮರ ಇಟ್ಟಿದ್ದೇವೆ."

ಎರಡನೆಯ ಸಂತೆಗೆ ಬಂದಳು. "ಒಂದು ಹಲಗೆ ಸೀಳಿತು. ಎಸೆದೆ. ಬೇರೆಯದು ಬರಬೇಕು. ಎಡಮಗ್ಗುಲು ಆಗಿದೆ."

ಮೂರನೆಯ ಸಂತೆಗೂ ಬಂದಳು. "ದೋಣಿಯ ಮುಂತುದಿಗೆ ಅರಸರು ಹೇಳಿದ ಸಿಂಹದ ಮುಖ ಕೂರುವುದಿಲ್ಲ. ಕೂರಿಸಿದರೆ ಮೂತಿ ಭಾರವಾಗಿ ಮಗಳ ಕಾಲಿಗೆ ನೀರು ಬರುತ್ತದೆ. ಮೆಟ್ಟಿಲು ಆಗಿದೆ."

ಒಳಗೆ ಸಭೆಯಲ್ಲಿ ಕೂತಿದ್ದ ಸುಮುಖರಾಯನಿಗೆ ತಲೆ ಚಿಟ್ಟುಹಿಡಿಯಿತು. "ಇವಳ ಬಾಯಲ್ಲಿ ಒಂದು ದಿನವಾದರೂ ಒಳ್ಳೆಯ ಸುದ್ದಿ ಉಂಟೆ? ಆಗಿಲ್ಲ, ಸೀಳಿತು, ಕೂರುವುದಿಲ್ಲ. ಕೇಳಿ ಕೇಳಿ ಊಟ ರುಚಿಸುತ್ತಿಲ್ಲ," ಎಂದ.

ಅರಸನ ಪಕ್ಕದಲ್ಲಿ ಮಧುಕಂಠ ನಿಂತಿದ್ದ. ಹಬ್ಬ ಬಂದರೆ ಅರಮನೆಯ ಮುಂದೆ ತೋರಣ, ಮಂಟಪ, ಬಣ್ಣದ ಬಾಗಿಲು ಕಟ್ಟುವವನು ಇವನೇ. ಇವನು ಕಟ್ಟಿದ ಮಂಟಪಗಳಿಗೆ ಮುಂಭಾಗ ಮಾತ್ರ ಇರುತ್ತಿತ್ತು. ಹಿಂದೆ ಹೋದರೆ ಬಿದಿರಿನ ಊರುಗೋಲು, ಹಗ್ಗ, ಮಲಗಿದ ನಾಯಿ. ಹಬ್ಬಕ್ಕೆ ಅಷ್ಟು ಸಾಕು. ಹಿಂದೆ ಹೋಗಿ ಯಾರು ನೋಡುತ್ತಾರೆ?

"ಹಲಗೆ ಸೀಳಲಿಲ್ಲ ಪ್ರಭು," ಎಂದ ಮಧುಕಂಠ ತುಂಬಿದ ಸಭೆಯಲ್ಲಿ. "ಸೀಳಿತು ಅಂತ ಹೇಳಿ ಅರಮನೆಯ ಒಳ್ಳೆಯ ಮರವನ್ನು ತನಗೆ ಉಳಿಸಿಕೊಂಡಿದ್ದಾಳೆ. ಕಳ್ಳರ ಮನೆ ಅದು. ನನಗೆ ಕೊಡಿ. ಚಿನ್ನದಂಥ ದೋಣಿ ಮಾಡಿಕೊಡುತ್ತೇನೆ. ಬಣ್ಣ ಯಾವುದು ಬೇಕು ಹೇಳಿ."

"ಕಳ್ಳರೇ ಇರಬೇಕು," ಎಂದ ಅರಸ. "ಬಣ್ಣ ಹಸುರು ಇರಲಿ."

ಕೆಲಸ ಮಧುಕಂಠನ ಪಾಲಾಯಿತು. ಚೆನ್ನಾಜಮ್ಮ ಮನೆಗೆ ಬಂದಳು. ಬಂದವಳೇ ಮರ ಕೆತ್ತುವ ಬಾಚಿ ಎತ್ತಿಕೊಂಡು ಮತ್ತೆ ಕೆಲಸಕ್ಕೆ ಕೂತಳು.

"ಇನ್ನು ಯಾಕತ್ತೆ? ಅರಸರೇ ಬೇಡ ಎಂದರಲ್ಲ," ಎಂದಳು ಸೊಸೆ.

"ವೀಳ್ಯ ಕೊಟ್ಟವಳು ತಾಯಿ. ಅವಳು ಬೇಡ ಎಂದಿಲ್ಲ."

ಅಂದಿನಿಂದ ಪ್ರತಿ ಸಂತೆಯ ದಿನ ಚೆನ್ನಾಜಮ್ಮ ಅರಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಒಳಬದಿಯಲ್ಲಿ ದೊಡ್ಡರಾಣಿ ಬಂದು ನಿಲ್ಲುತ್ತಿದ್ದಳು. ಚೆನ್ನಾಜಮ್ಮ ಆಗಿಲ್ಲದ್ದನ್ನು ಮೊದಲು ಹೇಳಿ, ಆದದ್ದನ್ನು ಆಮೇಲೆ ಹೇಳಿ, ಮಜ್ಜಿಗೆ ಕುಡಿದು ಬರುತ್ತಿದ್ದಳು.

ಇತ್ತ ಮಧುಕಂಠ ಅರಮನೆಯ ಕೆಳಗೆ, ಹೊಳೆ ದಾಟುವ ಕಡವಿನಲ್ಲೇ ದೋಣಿ ಎಬ್ಬಿಸಿದ. ಉಪ್ಪರಿಗೆಯಲ್ಲಿ ನಿಂತರೆ ಚೆನ್ನಾಗಿ ಕಾಣುತ್ತಿತ್ತು.

"ಕೆಲಸ ಎಲ್ಲಿಗೆ ಬಂತು?" ಎಂದು ಅರಸ ಕೇಳಿದ.

"ಮುಗಿದ ಹಾಗೇ ಪ್ರಭು. ನೋಡಿ, ಗಿಳಿಗಳನ್ನು ಬರೆಸಿದ್ದೇನೆ."

ಅರಸ ನೋಡಿದ. ಸಾಲು ಸಾಲು ಗಿಳಿ. ಸಂತೋಷವಾಯಿತು.

ಮತ್ತೆ ಕೇಳಿದ. "ಮುಗಿದ ಹಾಗೇ ಪ್ರಭು. ಕನ್ನಡಿ ಚೂರು ಕೂರಿಸಿದ್ದೇನೆ." ಬಿಸಿಲಿಗೆ ದೋಣಿ ಥಳಥಳ ಹೊಳೆಯಿತು. ಅರಸನಿಗೆ ಇನ್ನೂ ಸಂತೋಷವಾಯಿತು.

ಮತ್ತೂ ಕೇಳಿದ. "ಮುಗಿದ ಹಾಗೇ ಪ್ರಭು. ಬೆಳ್ಳಿ ಗಂಟೆ ಕಟ್ಟಿದ್ದೇನೆ." ಗಾಳಿಗೆ ಗಂಟೆ ಕಿಣಿಕಿಣಿ ಎಂದಿತು. ಅರಸ ಎರಡು ಒಬ್ಬಟ್ಟು ಹೆಚ್ಚಿಗೆ ಹಾಕಿಸಿಕೊಂಡ.

"ನನ್ನ ಮಗಳು ಎಲ್ಲಿ ಕೂರುತ್ತಾಳೆ?" ಎಂದು ದೊಡ್ಡರಾಣಿ ಕೇಳಿದಳು.

"ಅಮ್ಮಣ್ಣಿಯವರೇ, ಅರಗಿಣಿಗಳ ನಡುವೆ ಅರಗಿಣಿಯ ಹಾಗೆ ಕೂರುತ್ತಾರೆ."

"ನಾನು ಕೇಳಿದ್ದು ಎಲ್ಲಿ ಅಂತ."

"ಅದೂ ಮುಗಿದ ಹಾಗೇ."

ಮೋಡ ಕಟ್ಟತೊಡಗಿತು. ಮಧುಕಂಠನ ಲೆಕ್ಕವೇ ಅದು. ಇನ್ನೊಂದಿಷ್ಟು ದಿನ ಗಿಳಿಗೆ ಕೊಕ್ಕು, ಕೊಕ್ಕಿಗೆ ಕೆಂಪು ಎಂದು ತಳ್ಳಿದರೆ ಹೊಳೆ ಬರುತ್ತದೆ. ಹೊಳೆ ಬಂದರೆ ದೋಣಿ ಕೊಚ್ಚಿಹೋಗುತ್ತದೆ. ತಪ್ಪು ಹೊಳೆಯದು. ಹೊಳೆಯನ್ನು ಯಾರು ನ್ಯಾಯದ ಕಟ್ಟೆಗೆ ಕರೆಸಿ ಕೇಳುತ್ತಾರೆ?

ಒಂದು ಬೆಳಗ್ಗೆ ಚೆನ್ನಾಜಮ್ಮ ಹುಟ್ಟು ಹಾಕುತ್ತ ಹೊಳೆಯ ಕಡೆಯಿಂದ ಆ ಕಡವಿನ ಮುಂದೆ ಬಂದಳು. ನೋಡಿದಳು. ಅರಮನೆಯ ಕಡೆಗೆ ಗಿಳಿ, ಕನ್ನಡಿ, ಗಂಟೆ. ಹೊಳೆಯ ಕಡೆಗೆ ಏನೂ ಇಲ್ಲ. ಮಗ್ಗುಲಿಲ್ಲ, ತಳವಿಲ್ಲ. ಕೆಸರಿಗೆ ಬಿದಿರು ಹುಗಿದು ಊರುಗೋಲು ಕೊಟ್ಟಿದ್ದರು. ಬಿದಿರಿನ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ಬೆಸ್ತರು ದಿನಾ ಇದನ್ನು ನೋಡಿ ನಗುತ್ತಿದ್ದರು. ಅರಮನೆಯವರು ಅವರನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಚೆನ್ನಾಜಮ್ಮ ಕೂಗಾಡಲಿಲ್ಲ. ಹಿತ್ತಿಲ ಬಾಗಿಲಿಗೆ ಹೋಗಿ ದೊಡ್ಡರಾಣಿಯ ಕಿವಿಯಲ್ಲಿ ನಾಲ್ಕು ಮಾತು ಹೇಳಿದಳು. ದೊಡ್ಡರಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಇಬ್ಬರೂ ಸಭೆಗೆ ಬಂದರು.

"ಪ್ರಭು," ಎಂದಳು ಚೆನ್ನಾಜಮ್ಮ, "ಇಂಥ ಗಿಳಿಗಳನ್ನು ನಮ್ಮ ಮನೆಯವರು ಕನಸಲ್ಲೂ ಬರೆದಿಲ್ಲ. ಹೊಳೆಯಾಚೆಯ ಬೀಗರೂ ನೋಡಬೇಡವೆ? ದೋಣಿಯನ್ನು ಒಮ್ಮೆ ಆ ಕಡೆಗೆ ತಿರುಗಿಸಲಿ."

ಮಧುಕಂಠ ಬೆರಳು ಮಡಿಚಿ ಲೆಕ್ಕ ಹಾಕಿದ. "ಈ ವಾರ ದೋಣಿ ತಿರುಗಿಸಲು ಮುಹೂರ್ತವಿಲ್ಲ."

"ಹಾಗಾದರೆ ಬೀಗರೇ ಹರಿಗೋಲಿನಲ್ಲಿ ಹತ್ತಿರ ಬಂದು ನೋಡಲಿ."

"ಬೇಡ ಬೇಡ. ಗಿಳಿಗಳಿಗೆ ದೃಷ್ಟಿಯಾಗುತ್ತದೆ."

"ಹೋಗಲಿ. ಕಟ್ಟಿದವನಿಗೆ ಮರ್ಯಾದೆಯಾದರೂ ಆಗಬೇಕು. ಊರೆಲ್ಲ ಸೇರಲಿ. ಮಧುಕಂಠನನ್ನು ಅದೇ ದೋಣಿಯಲ್ಲಿ ಕೂರಿಸಿ ಪೇಟ ಸುತ್ತಿ ಹಾರ ಹಾಕಿ ಆರತಿ ಎತ್ತೋಣ."

ಇದಕ್ಕೆ ಮಧುಕಂಠನ ಬಾಯಿಂದ ಬೇಡ ಎಂಬ ಮಾತು ಹೊರಡಲಿಲ್ಲ. ಹೊರಡಲು ನೋಡಿತು, ಹಾರದ ಮಾತು ಕೇಳಿ ಒಳಗೇ ಕೂತಿತು. ಅಂಚಿನ ಮೇಲೆ ಹಗುರವಾಗಿ ಕೂತರಾಯಿತು ಎಂದುಕೊಂಡ.

ಮರುದಿನ ವಾಲಗ ಊದಿಸಿದರು. ಊರೇ ಕಡವಿಗೆ ಬಂತು. ಮಧುಕಂಠ ಪೇಟ ಸುತ್ತಿಸಿಕೊಂಡು, ಉಸಿರು ಬಿಗಿಹಿಡಿದು, ಗಿಳಿಗಳ ಮೇಲಿನ ಅಂಚಿನಲ್ಲಿ ಕೂತ. ಕೊರಳಿಗೆ ಹಾರ ಬಿತ್ತು. ಹಾರ ದಪ್ಪ ಇತ್ತು. ಬಿದಿರು ಕಿರ್ರ್ ಎಂದಿತು.

"ಅದೇನು ಸದ್ದು?" ಎಂದಳು ದೊಡ್ಡರಾಣಿ. ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿಗಿಳಿದು ಹಿಂದೆ ಬಗ್ಗಿ ನೋಡಿದಳು. "ಇದೇನಯ್ಯ ಬಿದಿರು? ಮುಗಿದ ದೋಣಿಗೆ ಊರುಗೋಲು ಯಾಕೆ? ತೆಗೆಯಿರಿ."

"ಅಮ್ಮಣ್ಣಿ, ತೆಗೆಯಬೇಡಿ, ಅದು ಶಾಸ್ತ್ರಕ್ಕೆ ಇಟ್ಟದ್ದು," ಎಂದ ಮಧುಕಂಠ.

ಬೆಸ್ತರು ಕಾದುಕೊಂಡೇ ಇದ್ದರು. ತೆಗೆದರು.

ಮಧ್ಯಾಹ್ನದ ಎಮ್ಮೆ ನೀರಿಗೆ ಮಲಗುವ ಹಾಗೆ ಇಡೀ ದೋಣಿ ನಿಧಾನವಾಗಿ ಹೊಳೆಯ ಕಡೆಗೆ ಮಲಗಿತು. ಗಿಳಿಗಳು ಆಕಾಶ ನೋಡುತ್ತ ತೇಲಿದವು. ಪೇಟ ಒಂದು ಕಡೆ ಹೋಯಿತು, ಹಾರ ಇನ್ನೊಂದು ಕಡೆ. ಮಧುಕಂಠ ಗಂಟೆಯನ್ನು ತಬ್ಬಿಕೊಂಡು ಮುಳುಗಿದ, ಎದ್ದ, ಮತ್ತೆ ಮುಳುಗಿದ. ಪ್ರತಿ ಸಲ ಏಳುವಾಗಲೂ ಗಂಟೆ ಕಿಣಿ ಎಂದಿತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೆಸ್ತನೊಬ್ಬ ಅವನ ಜುಟ್ಟು ಹಿಡಿದು ದಡಕ್ಕೆಳೆದು, "ಮುಗಿದ ಹಾಗೇ ಸ್ವಾಮಿ, ಇನ್ನು ಸ್ವಲ್ಪ ಒಣಗಿದರಾಯಿತು," ಎಂದ.

ಅರಸ ಮಾತ್ರ ನಗಲಿಲ್ಲ. ಮೋಡ ನೋಡಿದ. "ಅಮ್ಮಾ, ತಂಗಿಯ ಗತಿ?" ಎಂದ.

"ನಿನ್ನ ಗಿಳಿಗಳನ್ನೇ ಕೇಳು," ಎಂದಳು ತಾಯಿ. ಅಷ್ಟರಲ್ಲಿ ಹೊಳೆಯ ತಿರುವಿನಿಂದ ಒಂದು ದೋಣಿ ಬಂತು. ಬಣ್ಣವಿಲ್ಲ, ಗಂಟೆಯಿಲ್ಲ. ಎರಡು ಮಗ್ಗುಲಿತ್ತು. ತಗ್ಗಿನ ಮೆಟ್ಟಿಲಿತ್ತು, ಒರಗುಹಲಗೆ ಇತ್ತು. ಚೆನ್ನಾಜಮ್ಮನ ಸೊಸೆ ಹುಟ್ಟು ಹಾಕುತ್ತಿದ್ದಳು.

ಅದೇ ದೋಣಿ ಹೋಗಿ ಪದ್ಮಲೆಯನ್ನು ಕರೆತಂತು. ಅವಳು ಇಳಿಯುವಾಗ, "ಇದಕ್ಕೆ ಒಂದು ಹೂವನ್ನಾದರೂ ಬರೆಯಬಾರದಿತ್ತೆ?" ಎಂದು ಮೂತಿ ತಿರುಗಿಸಿದಳು. ಅವಳ ಕಾಲು ಒದ್ದೆಯಾಗಿರಲಿಲ್ಲ. ಆ ವಾರವೇ ಹೊಳೆ ಎರಡೂ ದಡ ಮುಚ್ಚಿ ಹರಿಯಿತು. ತವರಿನ ತೊಟ್ಟಿಲಲ್ಲಿ ಹೆಣ್ಣುಕೂಸು ಅತ್ತಿತು.

"ಈ ಹೆಂಗಸು ಬಂದಾಗಲೆಲ್ಲ ಕೆಟ್ಟ ಸುದ್ದಿಯನ್ನೇ ತರುತ್ತಿದ್ದಳು. ನಿನಗೆ ಅವಳ ಮೇಲೆ ನಂಬಿಕೆ ಹೇಗೆ ಬಂತಮ್ಮ?" ಎಂದು ಅರಸ ತಾಯಿಯನ್ನು ಕೇಳಿದ.

"ಹಲಗೆ ಸೀಳಿತು ಅಂದಳಲ್ಲ, ಆಗಲೇ ಬಂತು. ಪ್ರತಿ ಹಲಗೆಯನ್ನೂ ನೋಡಿದವಳಿಗೆ ಮಾತ್ರ ಸೀಳಿದ್ದು ಗೊತ್ತಾಗುತ್ತದೆ. ಆ ದಿನ ನಾನು ನೆಮ್ಮದಿಯಾಗಿ ಉಂಡೆ. ನೀನು ಗಿಳಿ ನೋಡಿ ಉಂಡೆ."

ಮಕ್ಕಳೇ, ಇದರ ನೀತಿ ಇಷ್ಟೇ. ಕೆಲಸ ಕೊಟ್ಟವರಿಗೆ ಬೇಕಾದದ್ದು ಏನೆಂದು ಮೊದಲು ಕೇಳಬೇಕು. ಆಗದೆ ಉಳಿದದ್ದನ್ನು ಕಾಲ ಮೀರುವ ಮುಂಚೆ, ಅವರ ಮುಖ ನೋಡಿ ಹೇಳಬೇಕು. ಆಗ ಅವರ ಮುಖ ಸಪ್ಪಗಾದರೂ ಮನಸ್ಸು ತಣ್ಣಗಿರುತ್ತದೆ. ಗಿಳಿ ತೋರಿಸಿ ತೃಪ್ತಿಪಡಿಸಿದವನು ಒಂದಲ್ಲ ಒಂದು ದಿನ ಗಿಳಿಯ ಜೊತೆ ನೀರಿಗೆ ಬೀಳುತ್ತಾನೆ.

ಕೂಸಿನ ನಾಮಕರಣದ ದಿನ ಸುಮುಖರಾಯ ಸಭೆ ಕರೆದ. ಮಧುಕಂಠ ಮೂಲೆಯಲ್ಲಿ ಸೀನುತ್ತ ನಿಂತಿದ್ದ. ಅರಸ ಜರಿಯ ಶಾಲು ತರಿಸಿ, "ಚೆನ್ನಾಜಮ್ಮ, ಆದದ್ದು ಆಯಿತು, ಇದನ್ನು ಹೊದ್ದುಕೋ," ಎಂದ.

ಚೆನ್ನಾಜಮ್ಮ ಕೈ ಚಾಚಲಿಲ್ಲ.

"ಶಾಲು ಆಮೇಲೆ. ಇದೇ ಸಭೆಯಲ್ಲಿ ನಮ್ಮ ಮನೆಯವರನ್ನು ಕಳ್ಳರೆಂದಿರಿ. ಇದೇ ಸಭೆಯಲ್ಲಿ ಕ್ಷಮೆ ಕೇಳಬೇಕು. ಮೊದಲು ಮಧುಕಂಠ. ಆಮೇಲೆ ತಾವು."